ಎರಡು ಸಾವಿರದ ಮುನ್ನೂರ ಹದಿನಾರು ಸಾಲುಗಳು

ಕೆ.ಆರ್. ಪುರಂ
ಭಾನುವಾರ, ೧೩ ಜುಲೈ ೨೦೨೫

ನೌರೀನ್,

ನನ್ನ ಅಕ್ಷರ ಕಂಡ ಕೂಡಲೇ ಹರಿದು ಹಾಕುತ್ತೀಯೇನೋ ಎಂಬ ಅನುಮಾನಕ್ಕೆ ಕವರಿನ ಮೇಲಿನ ವಿಳಾಸವನ್ನು ಅಪ್ಪನ ಕೈಲಿ ಬರೆಸಿದ್ದೇನೆ. ಫೋನಿನಲ್ಲಿ ನನ್ನನ್ನು ಬ್ಲಾಕ್ ಮಾಡಿದ್ದೀಯ, ಮೇಲ್‌ಗೆ ಉತ್ತರವಿಲ್ಲ. ಅಂಚೆಯವರನ್ನು ಬ್ಲಾಕ್ ಮಾಡುವ ದಾರಿಯನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ, ಅದಕ್ಕೇ ಈ ಕಾಗದ. ಕನ್ನಡದಲ್ಲಿ ಇಷ್ಟುದ್ದ ಬರೆದು ಎಷ್ಟು ವರ್ಷವಾಯಿತೋ. ತಪ್ಪಿದ್ದರೆ ನೀನೇ ತಿದ್ದಿಕೊ, ಶಿವಾಜಿನಗರದ ಸರ್ಕಾರಿ ಶಾಲೆಯಲ್ಲಿ ಕನ್ನಡಕ್ಕೆ ತೊಂಬತ್ತಾರು ತೆಗೆದವಳು ನೀನು, ನಾನಲ್ಲ.

ಕ್ಷೇಮ ಸಮಾಚಾರ ಕೇಳುವ ಮುಖ ನನಗಿಲ್ಲ. ನೇರವಾಗಿ ವಿಷಯಕ್ಕೆ ಬರುತ್ತೇನೆ. ಕಂಪನಿಯಲ್ಲಿ ನನಗೊಂದು ವಿಚಿತ್ರ ಕೆಲಸ ಬಂದಿದೆ. ಹೋದ ತಿಂಗಳು ಲಕ್ಷ್ಮಿಕಾಂತ ಸರ್ ಕರೆದು, "ರಮ್ಯಾ, ಇದೊಂದು ನೋಡ್ರಿ. ಹೊಸಾ ಮಂದಿ ಒಂದು ಸಾಲು ತಿದ್ದಿದ್ರ ಫೈಲ್ ಪೂರಾ ಬದಲಾದಂಗ ತೋರಸ್ತದ. ಇದರದ್ದೊಂದು ಟೆಸ್ಟ್ ಬರೀರಿ, ತಪ್ಪಿದ್ರ ಮಷೀನೇ ಒಳಗ ಬಿಡಬಾರದು" ಅಂದರು. ವಿಷಯ ನಿನಗೂ ಗೊತ್ತಿರುವುದೇ, ಆದರೂ ನನಗೇ ತಿಳಿಯಾಗಲಿ ಎಂದು ಬರೆದುಕೊಳ್ಳುತ್ತೇನೆ. ನಾವು ಬರೆಯುವ ಫೈಲುಗಳಲ್ಲಿ ಪ್ರತಿ ಸಾಲಿನ ಕೊನೆಗೆ ಕಣ್ಣಿಗೆ ಕಾಣದ ಗುರುತು ಇರುತ್ತದೆ, ಸಾಲು ಇಲ್ಲಿಗೆ ಮುಗಿಯಿತು ಎಂದು ಹೇಳಲಿಕ್ಕೆ. ನಿನ್ನದರಂಥ ಲಿನಕ್ಸ್ ಲ್ಯಾಪ್‌ಟಾಪ್ ಒಂದು ಗುರುತು ಇಡುತ್ತದೆ, ನನ್ನದರಂಥ ವಿಂಡೋಸ್ ಲ್ಯಾಪ್‌ಟಾಪ್ ಎರಡು ಇಡುತ್ತದೆ. ಓದುವವರಿಗೆ ಎರಡೂ ಒಂದೇ. ಮಷೀನಿಗೆ ಮಾತ್ರ ಒಂದಲ್ಲ. ಎಲ್ಲರ ಫೈಲಿನಲ್ಲೂ ಎಲ್ಲ ಸಾಲುಗಳೂ ಒಂದೇ ಒಂದು ಗುರುತಿನಿಂದ ಮುಗಿಯುತ್ತವೆಯೇ ಎಂದು ತಾನಾಗಿಯೇ ನೋಡಿ, ಇಲ್ಲದಿದ್ದರೆ ಕೆಂಪು ತೋರಿಸುವ ಟೆಸ್ಟ್ ಅದು. ಬರೆದೆ. ನಲವತ್ತು ಸಾಲು ಕೂಡ ಆಗಲಿಲ್ಲ.

ಅದು ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಆಸ್ಪತ್ರೆಗೆ ನಾವು ಕಳಿಸುವ ಲೇಬಲ್ ಫೈಲಿನ ಹಳೆಯ ಪ್ರತಿಗಳ ಮೇಲೆ ಒಂದೊಂದಾಗಿ ಓಡಿಸಿದೆ. ಜನವರಿ ಹಸಿರು, ಫೆಬ್ರವರಿ ಹಸಿರು. ಮಾರ್ಚ್ ಹತ್ತೊಂಬತ್ತಕ್ಕೆ ಬಂದಾಗ ಕೆಂಪು. ಮಾರ್ಚ್ ಹತ್ತೊಂಬತ್ತು ಯಾವ ದಿನವೆಂದು ನಿನಗೆ ಹೇಳಬೇಕಿಲ್ಲ.

ಆ ದಿನದ ಫೈಲು ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಹೋಗಿ, ರಕ್ತದ ಟ್ಯೂಬುಗಳ ಮೇಲೆ ಅಂಟಿಸುವ ಲೇಬಲ್‌ಗಳೆಲ್ಲ ಒಂದೊಂದು ಸ್ಥಾನ ಜರುಗಿ, ನಲವತ್ತೊಂದು ಜನರ ರಕ್ತಕ್ಕೆ ಪಕ್ಕದವರ ಹೆಸರು ಬಿತ್ತು. ಅಲ್ಲಿನ ನರ್ಸ್ ಮಧ್ಯಾಹ್ನದೊಳಗೆ ಕಂಡುಹಿಡಿಯದಿದ್ದರೆ ಏನಾಗುತ್ತಿತ್ತೋ. ಶುಕ್ರವಾರದ ಮೀಟಿಂಗಿನಲ್ಲಿ ಲಕ್ಷ್ಮಿಕಾಂತ ಸರ್ ಪರದೆಯ ಮೇಲೆ ತೋರಿಸಿದ್ದು ನೆನಪಿದೆ: ಎರಡು ಸಾವಿರದ ಮುನ್ನೂರ ಹದಿನಾರು ಸಾಲು, ಪ್ರತಿಯೊಂದರ ಮುಂದೆಯೂ ಬದಲಿಸಿದವರು ನೌರೀನ್ ಎಂದು. ನೀನು "ಒಂದೇ ಸಾಲು ಸಾರ್" ಎನ್ನುತ್ತಲೇ ಇದ್ದೆ. ಯಾರೂ ನಂಬಲಿಲ್ಲ. ಮುಚ್ಚಿಡುವುದೇಕೆ, ನಾನೂ ನಂಬಲಿಲ್ಲ. ಹಳೆಯ ಫೈಲನ್ನು ವಾಪಸ್ ಹಾಕಿದರು, ಎಲ್ಲ ಸರಿಹೋಯಿತು, ನಿನ್ನನ್ನು ಕಳಿಸಿದರು. ಆಮೇಲೆ ಯಾರೂ ಆ ಫೈಲನ್ನು ತೆರೆದು ನೋಡಿರಲಿಲ್ಲ.

ಈಗ ತೆರೆದು ನೋಡುತ್ತಿದ್ದೇನೆ. ಒಂದೊಂದು ಸಾಲನ್ನೂ ಹಳೆಯದರ ಜೊತೆ ಇಟ್ಟು ಓದಿದೆ. ಒಂದು ಫೋನ್ ನಂಬರ್ ಬಿಟ್ಟರೆ ಅಕ್ಷರವೂ ಬದಲಾಗಿಲ್ಲ. ಆದರೆ ಎಲ್ಲ ಸಾಲುಗಳ ಕೊನೆಗೂ ಎರಡು ಗುರುತುಗಳಿವೆ. ನಿನ್ನ ಲ್ಯಾಪ್‌ಟಾಪ್ ಎರಡು ಇಡುವುದಿಲ್ಲವಲ್ಲ. ನನ್ನ ಬುದ್ಧಿಗೆ ಹತ್ತುತ್ತಿಲ್ಲ. ಅವತ್ತು ನೀನು ಆ ಫೈಲಿಗೆ ನಿಜವಾಗಿ ಏನು ಮಾಡಿದೆ? ಇಷ್ಟಕ್ಕೆ ಉತ್ತರ ಬರೆ. ಬೈದು ಬರೆದರೂ ಸರಿ.

ಇಂತಿ, ಎರಡು ಕುರ್ಚಿ ಆಚೆ ಕೂರುತ್ತಿದ್ದ
ರಮ್ಯಶ್ರೀ


ರಿಚರ್ಡ್ಸ್ ಟೌನ್
೩ ಆಗಸ್ಟ್ ೨೦೨೫

ಶ್ರೀಮತಿ ರಮ್ಯಶ್ರೀ ಅವರಿಗೆ,

ನಿಮ್ಮ ಕಾಗದ ತಲುಪಿತು. ವಿಳಾಸ ನಿಮ್ಮ ತಂದೆಯವರ ಕೈಬರಹದಲ್ಲಿದ್ದರಿಂದ ತೆರೆದೆ. ಅವರ ಮೇಲೆ ನನಗೆ ಇಂದಿಗೂ ಗೌರವವಿದೆ.

ಅವತ್ತು ನಾನು ಬದಲಿಸಿದ್ದು ಒಂದು ಸಾಲು. ಲೇಬಲ್‌ನ ಕೆಳಗಿದ್ದ ಆಸ್ಪತ್ರೆಯ ಫೋನ್ ನಂಬರ್. ಮೀಟಿಂಗಿನಲ್ಲಿ ಇದನ್ನು ನಾಲ್ಕು ಸಲ ಹೇಳಿದೆ, ಇದು ಐದನೆಯದು.

ನಿಮ್ಮ ಕಾಗದ ಉದ್ದವಾಗಿದೆ, ಗುರುತು, ಸಾಲು, ಕೆಂಪು, ಹಸಿರು ಎಲ್ಲ ಇದೆ. ಒಂದು ವಿಷಯ ಮಾತ್ರ ಬಿಟ್ಟುಹೋಗಿದೆ. ಆ ಫೈಲನ್ನು ಒಳಗೆ ಹಾಕಿದ್ದು ಯಾರು?

ಮರೆತಿದ್ದರೆ ನೆನಪಿಸುತ್ತೇನೆ. ಆಸ್ಪತ್ರೆಗಳ ಕೌಂಟರ್ ಮುಚ್ಚಿದ ಮೇಲೆ, ಸಂಜೆ ಐದೂವರೆಯ ನಂತರವೇ ಫೈಲನ್ನು ಸರ್ವರ್ ಒಳಗೆ ಹಾಕಬೇಕೆಂಬುದು ಕಂಪನಿಯ ನಿಯಮ. ರಂಜಾನ್ ತಿಂಗಳಲ್ಲಿ ನಾನು ದೊಡ್ಡನೆಕ್ಕುಂದಿಯಿಂದ ನಾಲ್ಕೂವರೆಗೆ ಹೊರಡದಿದ್ದರೆ ಇಫ್ತಾರ್ ಹೊತ್ತಿಗೆ ಮನೆ ಸೇರುವಂತಿರಲಿಲ್ಲ. ಹಾಗಾಗಿ ಫೈಲನ್ನು ಪೆನ್‌ಡ್ರೈವ್‌ನಲ್ಲಿ ನಿಮ್ಮ ಮೇಜಿನ ಮೇಲಿಟ್ಟು ಹೋಗುತ್ತಿದ್ದೆ. ನೀವು ನನ್ನ ಪಾಸ್‌ವರ್ಡ್ ಹಾಕಿ, ನನ್ನ ಹೆಸರಿನಲ್ಲಿ, ನಿಮ್ಮ ಲ್ಯಾಪ್‌ಟಾಪ್‌ನಿಂದ ಒಳಗೆ ಹಾಕುತ್ತಿದ್ದಿರಿ. ನಿಮ್ಮ ಮನೆಯ ವರಮಹಾಲಕ್ಷ್ಮಿಗೆ, ಕರಗಕ್ಕೆ ನಾನು ನಿಮಗೆ ಹಾಗೇ ಮಾಡಿದ್ದೇನೆ. ಐದು ವರ್ಷ ನಡೆದ ಏರ್ಪಾಡು. ಪಾಸ್‌ವರ್ಡ್ ಹಂಚಿಕೊಂಡರೆ ಕೆಲಸ ಹೋಗುತ್ತದೆಂದು ಇಬ್ಬರಿಗೂ ಗೊತ್ತಿತ್ತು.

ನಾನು ಕೊಟ್ಟಾಗ ಒಂದು ಸಾಲು ಬದಲಾಗಿತ್ತು. ನೀವು ಹಾಕಿದ ಮೇಲೆ ಎಲ್ಲವೂ ಬದಲಾಗಿತ್ತು. ನೀವು ಅದಕ್ಕೇನು ಮಾಡಿದಿರೋ ನನಗೆ ತಿಳಿಯದು. ಮೀಟಿಂಗಿನಲ್ಲಿ ನೀವೇ ಹೇಳುತ್ತೀರಿ ಎಂದು ಕಾದೆ. ನೀವು ಹೇಳಲಿಲ್ಲ. ನಾನು ಹೇಳಿದ್ದರೆ ನಿಮ್ಮ ಕೆಲಸವೂ ಹೋಗುತ್ತಿತ್ತು. ಅದಕ್ಕೆ ಬಾಯಿ ಮುಚ್ಚಿಕೊಂಡೆ.

ನಾನು ಈಗ ಫ್ರೇಜರ್ ಟೌನಿನಲ್ಲಿ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತೇನೆ. ಮೂರು ಕಂಪನಿಗಳಲ್ಲಿ ಇಂಟರ್‌ವ್ಯೂ ಕೊನೆಯವರೆಗೆ ಹೋಯಿತು. ಮೂರೂ ಕಡೆಯವರು ನಮ್ಮ ಹಳೆಯ ಕಂಪನಿಯನ್ನು ವಿಚಾರಿಸಿದ್ದಾರೆ. "ಪರೀಕ್ಷಿಸದೆ ಇಡೀ ಫೈಲನ್ನು ಬದಲಿಸಿದ್ದಾರೆ" ಎಂಬ ಉತ್ತರ ಹೋಗಿದೆ. ಆಮೇಲೆ ಅವರು ಫೋನ್ ಎತ್ತುವುದಿಲ್ಲ.

ವಂದನೆಗಳೊಂದಿಗೆ,
ನೌರೀನ್


ಕೆ.ಆರ್. ಪುರಂ
ಭಾನುವಾರ, ೨೪ ಆಗಸ್ಟ್ ೨೦೨೫

ನೌರೀನ್,

ಶ್ರೀಮತಿ ಎಂದು ಬರೆದಿದ್ದೀಯ, ನೀವು ಎಂದು ಬರೆದಿದ್ದೀಯ. ಎರಡೇಟು ಹೊಡೆದಿದ್ದರೆ ವಾಸಿಯಿತ್ತು. ಮದುವೆಯಾಗಿಲ್ಲದವಳಿಗೆ ಶ್ರೀಮತಿ ಬೇರೆ.

ಬಿಟ್ಟುಹೋಗಿದ್ದಲ್ಲ, ಬಿಟ್ಟಿದ್ದೇ. ಅದನ್ನು ಒಪ್ಪಿಕೊಂಡೇ ಮುಂದೆ ಬರೆಯುತ್ತೇನೆ. ಆದರೆ ಒಂದು ಮಾತು ನಂಬು. ನಾನು ನಿನ್ನ ಫೈಲಿನಲ್ಲಿ ಒಂದಕ್ಷರವನ್ನೂ ಮುಟ್ಟಿರಲಿಲ್ಲ. ಪೆನ್‌ಡ್ರೈವ್ ಹಾಕಿದೆ, ಫೈಲು ತೆರೆದೆ, ಸರಿಯಾದ ಫೈಲೇ ಎಂದು ಮೇಲಿಂದ ಕೆಳಗೆ ಕಣ್ಣಾಡಿಸಿದೆ, ಒಳಗೆ ಹಾಕಿದೆ. ಅಷ್ಟೇ. ಹಾಗಾಗಿ ಮೀಟಿಂಗಿನಲ್ಲಿ ಅಷ್ಟು ಸಾಲು ಬದಲಾದದ್ದನ್ನು ನೋಡಿದಾಗ, ನಾನಂತೂ ಮಾಡಿಲ್ಲ, ಅಂದರೆ ಇವಳೇ ಮಾಡಿ ಸುಳ್ಳು ಹೇಳುತ್ತಿದ್ದಾಳೆ ಎಂದುಕೊಂಡೆ. ನಿನ್ನ ಕಾಗದ ಓದಿದ ಮೇಲೆ ತಿಳಿಯಿತು, ನೀನೂ ಅದೇ ಲೆಕ್ಕ ಹಾಕಿ ಮಾಡಿದವಳು ನಾನು ಎಂದುಕೊಂಡಿದ್ದೀಯ. ಐದು ತಿಂಗಳು ಇಬ್ಬರೂ ಪ್ರಾಮಾಣಿಕವಾಗಿಯೇ ಒಬ್ಬರನ್ನೊಬ್ಬರು ಕಳ್ಳಿ ಎಂದುಕೊಂಡಿದ್ದೇವೆ.

ಹಾಗಾದರೆ ಬದಲಿಸಿದ್ದು ಯಾರು? ಒಂದು ವಾರ ತಲೆ ಗೊಜ್ಜಾಗಿತ್ತು. ಎರಡೂ ಪ್ರತಿಗಳನ್ನು ಪ್ರಿಂಟ್ ತೆಗೆದು ಮನೆಗೆ ತಂದು, ಸೊಪ್ಪು ಬಿಡಿಸುತ್ತಿದ್ದ ಅಮ್ಮನ ಮುಂದೆ ಹಿಡಿದೆ. "ಏನ್ ವ್ಯತ್ಯಾಸ ಹೇಳಮ್ಮ" ಅಂದೆ. ಅಮ್ಮ ಕನ್ನಡಕ ಹಾಕಿಕೊಂಡು, ಬೆರಳಿಟ್ಟು ನೋಡಿ, "ಎರಡೂ ಒಂದೇ ಕಣೇ. ನಿಮ್ಮಾಫೀಸ್ನೋರಿಗೆ ಬೇರೆ ಕೆಲಸ ಇಲ್ವಾ?" ಅಂದಳು. ನೌರೀನ್ ಹೇಗಿದ್ದಾಳೆ ಎಂದೂ ಕೇಳಿದಳು. ಚೆನ್ನಾಗಿದ್ದಾಳೆ ಎಂದೆ.

ಸೋಮವಾರ ಆಫೀಸಿಗೆ ಹೋಗಿ ಒಂದು ಕೆಲಸ ಮಾಡಿದೆ. ಮಾರ್ಚ್ ಹದಿನೆಂಟರ ಫೈಲನ್ನು, ಅಂದರೆ ನಿನ್ನ ಕೈಗೂ ನನ್ನ ಕೈಗೂ ಬರುವ ಮೊದಲಿನದನ್ನು, ಪೆನ್‌ಡ್ರೈವ್‌ಗೆ ಹಾಕಿ ನನ್ನ ಲ್ಯಾಪ್‌ಟಾಪ್‌ನಲ್ಲಿ ತೆರೆದೆ. ಮೇಲಿಂದ ಕೆಳಗೆ ಕಣ್ಣಾಡಿಸಿದೆ. ಮುಚ್ಚುವ ಮೊದಲು ನನ್ನ ಎಡಗೈ ತಾನಾಗಿಯೇ ಸೇವ್ ಒತ್ತಿತು. ಏನೂ ಬರೆಯದಿದ್ದರೂ ಒತ್ತುವ ಕೆಟ್ಟ ಅಭ್ಯಾಸ ನನಗೆ ಮೊದಲಿನಿಂದಲೂ ಇದೆ, ನೀನು ಆಡಿಕೊಳ್ಳುತ್ತಿದ್ದೆ. ಆಮೇಲೆ ಟೆಸ್ಟ್ ಓಡಿಸಿದೆ. ಕೆಂಪು. ಎರಡು ಸಾವಿರದ ಮುನ್ನೂರ ಹದಿನಾರು ಸಾಲು. ನಾನು ಒಂದಕ್ಷರ ಬರೆದಿಲ್ಲ, ಆದರೂ ಅಷ್ಟೂ ಸಾಲು ಬದಲಾಗಿವೆ.

ಕಾರಣವನ್ನೂ ಹುಡುಕಿದೆ. ಹೋದ ವರ್ಷ ದೀಪಾವಳಿಯ ಹೊತ್ತಿಗೆ ಸಾಲುಗಳ ಕೊನೆ ಬೆರಕೆಯಾಗಿದೆ ಎಂಬ ಹಳದಿ ಪಟ್ಟಿಯೊಂದು ಪರದೆಯ ಮೇಲೆ ಪದೇ ಪದೇ ಬಂದು ಕಾಡುತ್ತಿತ್ತು. ಓದುವ ತಾಳ್ಮೆಯಿಲ್ಲದೆ, ಸೇವ್ ಮಾಡಿದಾಗಲೆಲ್ಲ ಎಲ್ಲ ಸಾಲುಗಳ ಕೊನೆಯನ್ನೂ ವಿಂಡೋಸ್ ಬಗೆಗೆ ತಿರುಗಿಸು ಎಂಬ ಸೆಟ್ಟಿಂಗ್‌ಗೆ ಸರಿ ಒತ್ತಿಬಿಟ್ಟಿದ್ದೆ. ಪಟ್ಟಿ ಹೋಯಿತು. ಸೆಟ್ಟಿಂಗ್ ಉಳಿಯಿತು, ನಾನು ಮರೆತೆ. ನಿನ್ನ ಬೇರೆ ಫೈಲುಗಳಿಗೂ ಹೀಗೇ ಆಗಿದೆ, ಅವುಗಳಿಂದ ತೊಂದರೆಯಾಗಲಿಲ್ಲವಾದ್ದರಿಂದ ಯಾರೂ ನೋಡಲಿಲ್ಲ.

ಸ್ಟೋರ್ ರೂಮಿನಲ್ಲಿದ್ದ ಹಳೆಯ ಲೇಬಲ್ ಪ್ರಿಂಟರನ್ನೂ ಹೊರತೆಗೆದೆ. ಹತ್ತು ಸುಳ್ಳು ಹೆಸರುಗಳನ್ನು ಹಾಕಿ ಅಚ್ಚು ಒತ್ತಿಸಿದೆ. ಅದು ಎರಡು ಗುರುತನ್ನು ಎರಡು ಸಾಲೆಂದು ತಿಳಿದು, ಕಾಗದವನ್ನು ಹೆಚ್ಚು ಎಳೆದು, ಹುಲಿಗೆಪ್ಪನ ಹೆಸರನ್ನು ಕಾವೇರಿಯ ಲೇಬಲ್ ಮೇಲೆ, ಕಾವೇರಿಯ ಹೆಸರನ್ನು ಆಂಜನಮ್ಮನ ಲೇಬಲ್ ಮೇಲೆ ಒತ್ತಿತು. ಆ ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡು ಸ್ಟೋರ್ ರೂಮಿನ ನೆಲದ ಮೇಲೇ ಕೂತೆ. ನನಗೆ ತುಂಬಾ ಭಯವಾಯಿತು ನೌರೀನ್.

ನಾನು ಮಾಡಿದೆನೋ ಮಾಡಲಿಲ್ಲವೋ, ಇದಕ್ಕೆ ಏನನ್ನಬೇಕೋ ನನಗೆ ಅರ್ಥವಾಗುತ್ತಿಲ್ಲ. ಬೇಕೆಂದು ಮಾಡಲಿಲ್ಲ, ಗೊತ್ತಿದ್ದೂ ಮಾಡಲಿಲ್ಲ, ಆದರೆ ಮಾಡಿದವಳು ನಾನೇ. ಈಗ ಏನು ಮಾಡಲಿ ಹೇಳು.

ದಾರಿ ಕಾಣದ
ರಮ್ಯ


ರಿಚರ್ಡ್ಸ್ ಟೌನ್
೭ ಸೆಪ್ಟೆಂಬರ್ ೨೦೨೫

ರಮ್ಯಶ್ರೀ ಅವರಿಗೆ,

ಏನು ಮಾಡಲಿ ಎಂದು ನನ್ನನ್ನು ಕೇಳುತ್ತಿದ್ದೀರಿ. ಇದೂ ನನ್ನದೇ ಕೆಲಸವೇ?

ನಿಮ್ಮ ಕಾಗದವನ್ನು ಮೆಟ್ಟಿಲ ಮೇಲೆ ಕೂತು ಓದಿದೆ, ಅಲ್ಲೇ ಅತ್ತೆ. ಯಾಕೆಂದು ಹೇಳುತ್ತೇನೆ. ಹೋದ ಕಾಗದದಲ್ಲಿ ಏನೇ ಬರೆದಿದ್ದರೂ, ನಾನು ನಿಮ್ಮನ್ನು ಅನುಮಾನಿಸಿದ್ದು ಏಪ್ರಿಲ್ ಕೊನೆಯವರೆಗೆ ಮಾತ್ರ. ಆಮೇಲೆ ನನ್ನನ್ನೇ ಅನುಮಾನಿಸತೊಡಗಿದೆ. ಅಮ್ಮಿ ಒಂದು ದಿನ ತಲೆ ನೇವರಿಸುತ್ತಾ, "ರೋಜಾ ಇತ್ತಲ್ಲ ಬೇಟಾ, ಹೊಟ್ಟೇಲಿ ಏನಿರ್ಲಿಲ್ಲ, ತಲೆ ಸುತ್ತಿರುತ್ತೆ. ಆಗಿರ್ಬಹುದು, ಬಿಡು" ಎಂದಳು. ಸಮಾಧಾನಕ್ಕೇ ಹೇಳಿದಳು. ಆದರೆ ನಾನು ಮಾಡಿಲ್ಲ ಎಂದು ಅವಳೂ ನಂಬಿಲ್ಲ ಎಂದು ಅವತ್ತು ಗೊತ್ತಾಯಿತು. ಅಮ್ಮಿಯ ಹೆಸರು ಹಿಡಿದು, ಬದ್ರುನ್ನೀಸಾಳ ಮಗಳು ಆಸ್ಪತ್ರೆಯಲ್ಲಿ ರಕ್ತ ಅದಲುಬದಲು ಮಾಡಿದಳಂತೆ ಎಂದು ಸಂಬಂಧಿಕರಲ್ಲೂ ಹಬ್ಬಿದೆ. ಎಲ್ಲರೂ ಹೇಳುತ್ತಿರುವಾಗ ನಾನೇ ಮಾಡಿ ಮರೆತಿದ್ದೇನೇನೋ ಎನ್ನಿಸಿತು. ಆಮೇಲೆ ಬೋರ್ಡಿನ ಮೇಲೆ ಮಕ್ಕಳಿಗೆ ಏಳೆಂಟ್ಲ ಐವತ್ತಾರು ಎಂದು ಬರೆದು, ತಿರುಗಿ ನೋಡಿ, ಐವತ್ತಾರೇ ಎಂದು ಮೊಬೈಲಿನಲ್ಲಿ ಪರೀಕ್ಷಿಸಿದ ದಿನಗಳಿವೆ. ಅದನ್ನು ಮಕ್ಕಳು ನೋಡಿದ್ದಾರೆ.

ನಾನು ಮಾಡಿಲ್ಲ ಎಂಬುದು ನನಗೇ ತಿಳಿದದ್ದು ನಿಮ್ಮ ಕಾಗದದಿಂದ. ಅದಕ್ಕೆ ಅತ್ತೆ. ಸಂತೋಷವೂ ಇತ್ತು, ನಿಮ್ಮ ಮೇಲೆ ಸಿಟ್ಟೂ ಇತ್ತು. ಎಷ್ಟೆಷ್ಟು ಎಂದು ಕೇಳಬೇಡಿ.

ಸಾಲುಗಳ ಕೊನೆಯ ವಿಷಯ ಇನ್ನು ಬರೆಯಬೇಡಿ, ಅರ್ಥವಾಗಿದೆ. ಅರ್ಥವಾಗದೆ ಉಳಿದಿರುವುದು ಒಂದೇ. ಮೀಟಿಂಗಿನಲ್ಲಿ ಲಕ್ಷ್ಮಿಕಾಂತ ಸರ್ "ಈ ಫೈಲ್ ಬ್ಯಾರೆ ಯಾರರೆ ಮುಟ್ಟೀರೇನು?" ಎಂದು ಕೇಳಿದಾಗ ನೀವು ಸರ್ ಕಡೆ ನೋಡಲಿಲ್ಲ, ಪರದೆಯ ಕಡೆ ನೋಡಲಿಲ್ಲ. ನನ್ನನ್ನು ನೋಡಿದಿರಿ. ಯಾಕೆ ನೋಡಿದಿರಿ? ಅದನ್ನು ಬರೆಯಿರಿ. ಬೇರೆ ಏನೂ ಬೇಡ.

ನೌರೀನ್


ಕೆ.ಆರ್. ಪುರಂ
೧೪ ಸೆಪ್ಟೆಂಬರ್ ೨೦೨೫

ನೌರೀನ್,

ಉತ್ತರ ಬರೆಯಲು ಕೂತು ಮೂರು ಹಾಳೆ ಹರಿದೆ. ಮೂರರಲ್ಲೂ ನಾನು ಒಳ್ಳೆಯವಳಾಗಿಯೇ ಇದ್ದೆ. ಸ್ವಲ್ಪ ಸಮಯ ಕೊಡು.

ರಮ್ಯ


ಕೆ.ಆರ್. ಪುರಂ
ಭಾನುವಾರ, ೨೮ ಸೆಪ್ಟೆಂಬರ್ ೨೦೨೫

ನೌರೀನ್,

ಮೊದಲು ಕಂಪನಿಯ ಸುದ್ದಿ, ಆಮೇಲೆ ನಿನ್ನ ಪ್ರಶ್ನೆ. ಪ್ರಶ್ನೆಯನ್ನು ತಪ್ಪಿಸುತ್ತಿಲ್ಲ. ಆದರೆ ಕಂಪನಿಗೆ ಹೇಳದೆ ಅದನ್ನು ಬರೆದಿದ್ದರೆ ಬಾಯಿಮಾತಿನ ಉಪಚಾರವಾಗುತ್ತಿತ್ತು.

ಸೋಮವಾರ ಲಕ್ಷ್ಮಿಕಾಂತ ಸರ್ ಅವರ ಕೋಣೆಗೆ ಲ್ಯಾಪ್‌ಟಾಪ್, ಪೆನ್‌ಡ್ರೈವ್, ಲೇಬಲ್ ಪ್ರಿಂಟರ್ ಮೂರನ್ನೂ ಹೊತ್ತುಕೊಂಡು ಹೋದೆ. "ಏನ್ರಿ, ಅಂಗಡಿ ಇಡ್ಲಿಕ್ಕ ಬಂದೀರೇನು?" ಅಂದರು. ಅವರ ಎದುರಿಗೇ ಫೈಲು ತೆರೆದೆ, ಸೇವ್ ಒತ್ತಿದೆ, ಟೆಸ್ಟ್ ಓಡಿಸಿದೆ, ಲೇಬಲ್ ಅಚ್ಚು ಮಾಡಿದೆ. ಅವರು ಮೂರು ಸಲ ಮಾಡಿಸಿದರು. ಮೂರನೆಯ ಸಲ ತಾವೇ ಸೇವ್ ಒತ್ತಿ ನೋಡಿದರು. ಆಮೇಲೆ ಲೇಬಲ್ ಪಟ್ಟಿಯನ್ನು ತಿರುಗಿಸಿ ಹೆಸರುಗಳನ್ನು ಓದಿದರು.

"ಆ ಹುಡುಗಿ ಒಂದ ಸಾಲು ಅಂದಿದ್ಲು" ಅಂದರು.

"ಹೌದು ಸಾರ್."

"ಮತ್ತ ಈ ಫೈಲ್ ನಿಮ್ಮ ಲ್ಯಾಪ್‌ಟಾಪಿಗೆ ಹ್ಯಾಂಗ ಬಂತ್ರಿ?"

ಇಲ್ಲಿಯವರೆಗೂ ಇದನ್ನೆಲ್ಲ ಮಷೀನಿನ ತಪ್ಪೆಂದು ಹೇಳಿ ಎದ್ದು ಬರಬಹುದಿತ್ತು. ಆ ಆಸೆ ನನಗೆ ಬರಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಪಾಸ್‌ವರ್ಡ್ ವಿಷಯ ಹೇಳಿದೆ. ರಂಜಾನ್, ಕರಗ, ಐದೂವರೆ ನಿಯಮ, ಎಲ್ಲ ಹೇಳಿದೆ. ಅವರಿಗೆ ಸಿಟ್ಟು ಬಂತು. ನನ್ನ ಮೇಲೆ ಎಷ್ಟೋ, ತಮ್ಮ ಮೇಲೂ ಅಷ್ಟೇ ಎಂದು ಕಾಣುತ್ತದೆ. "ಒಮ್ಮೆ ಫೈಲ್ ತೆಗದು ಓದಿದ್ರ ನನಗರೆ ತಿಳೀತಿತ್ತು. ಓದಲೇ ಇಲ್ಲ ನೋಡ್ರಿ ನಾನು" ಎಂದು ಎರಡು ಸಲ ಅಂದರು.

ನನ್ನ ಕೆಲಸ ಹೋಗಿಲ್ಲ. ತಂಡದ ಲೀಡ್ ಹುದ್ದೆಯಿಂದ ಇಳಿಸಿದ್ದಾರೆ, ದಾಖಲೆಯಲ್ಲಿ ಎಚ್ಚರಿಕೆ ಬರೆದಿದ್ದಾರೆ. ಮಾರ್ಚ್ ಹತ್ತೊಂಬತ್ತರ ಘಟನೆಯ ವರದಿಯನ್ನು ತಿದ್ದಿ ನನ್ನ ಹೆಸರು ಹಾಕಿದ್ದಾರೆ. ನಿನ್ನ ಬಗ್ಗೆ ಹೊಸ ಪತ್ರ ಕೊಟ್ಟಿದ್ದಾರೆ, ಸಹಿ ಮತ್ತು ಸೀಲಿನೊಂದಿಗೆ, ಇದರ ಜೊತೆ ಇಟ್ಟಿದ್ದೇನೆ. ಆ ಮೂರು ಕಂಪನಿಗಳಿಗೂ ಅವರೇ ಬರೆಯುತ್ತಾರಂತೆ. ನೀನು ಒಪ್ಪಿದರೆ ವಾಪಸ್ ಕರೆದುಕೊಳ್ಳುತ್ತಾರಂತೆ. ಅದು ನಿನಗೆ ಬಿಟ್ಟದ್ದು. ಲಕ್ಷ್ಮಿಕಾಂತ ಸರ್ ನಿನಗೆ ಬೇರೆಯಾಗಿ ಬರೆಯುತ್ತೇನೆ ಅಂದರು, ಬರೆಯುತ್ತಾರೋ ಇಲ್ಲವೋ ನನಗೆ ತಿಳಿಯದು.

ಈಗ ನಿನ್ನ ಪ್ರಶ್ನೆ.

ತಂಡದ ಲೀಡ್ ಯಾರೆಂದು ಆ ಮೀಟಿಂಗಿನ ಮುಂದಿನ ಸೋಮವಾರ ಹೇಳುವುದಿತ್ತು. ನನಗೇ ಆಗುತ್ತದೆಂದು ಗೊತ್ತಿತ್ತು, ಮನೆಯಲ್ಲಿ ಆಗಲೇ ಹೇಳಿಯೂ ಬಿಟ್ಟಿದ್ದೆ. ಬೇರೆ ಯಾರಾದರೂ ಮುಟ್ಟಿದ್ದೀರಾ ಎಂದು ಸರ್ ಕೇಳಿದಾಗ ನಾನು ನಿನ್ನನ್ನು ನೋಡಿದೆ. ಧೈರ್ಯ ಹೇಳಲು ನೋಡಿದ್ದಲ್ಲ, ನಿನ್ನ ಮೇಲಿನ ಅನುಮಾನಕ್ಕೂ ಅಲ್ಲ. ನೀನು ನನ್ನ ಹೆಸರು ಹೇಳಿಬಿಡುತ್ತೀಯೇನೋ ಎಂದು ನೋಡಿದೆ. ನೀನು ಹೇಳಲಿಲ್ಲ. ನನಗೆ ನಿರಾಳವಾಯಿತು. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಹೊಟ್ಟೆ ತುಂಬ ಊಟ ಮಾಡಿದೆ. ನೀನು ಆಗ ಮೇಜು ಖಾಲಿ ಮಾಡುತ್ತಿದ್ದೆ.

ಇಷ್ಟೇ. ಇದಕ್ಕಿಂತ ಚೆನ್ನಾಗಿ ಬರೆಯಲು ಆಗುತ್ತದೆ, ಆದರೆ ಆಗ ಅದು ನಿಜವಾಗಿರುವುದಿಲ್ಲ.

ರಮ್ಯಶ್ರೀ


ರಿಚರ್ಡ್ಸ್ ಟೌನ್
೫ ಅಕ್ಟೋಬರ್ ೨೦೨೫

ರಮ್ಯ,

ಪತ್ರ ಸಿಕ್ಕಿತು. ಕಂಪನಿಯ ಪತ್ರವನ್ನು ಎರಡು ಪ್ರತಿ ಮಾಡಿಸಿ ಇಟ್ಟುಕೊಂಡೆ. ಅಲ್ಲಿಗೆ ವಾಪಸ್ ಬರುವುದಿಲ್ಲ. ಜೀವನ್ ಬಿಮಾ ನಗರದ ಒಂದು ಸಣ್ಣ ಕಂಪನಿಯವರು ಬುಧವಾರ ಮತ್ತೆ ಕರೆದಿದ್ದಾರೆ, ನೋಡಬೇಕು.

ಆ ನೋಟ ಏನೆಂದು ನನಗೆ ಅವತ್ತೇ ಗೊತ್ತಾಗಿತ್ತು. ಆರು ವರ್ಷ ಎರಡು ಕುರ್ಚಿ ಆಚೆ ಕೂತವಳಿಗೆ ಅಷ್ಟು ಗೊತ್ತಾಗುವುದಿಲ್ಲವೇ. ನೀನು ಅದನ್ನು ಬರೆಯುತ್ತೀಯೋ ಇಲ್ಲವೋ ಎಂಬುದಷ್ಟೇ ಗೊತ್ತಿರಲಿಲ್ಲ. ಬರೆದೆ. ಕ್ಯಾಂಟೀನಿನ ಊಟದ ವಿಷಯ ಓದಿ ಕಾಗದವನ್ನು ಎತ್ತಿ ಎಸೆದೆ, ಆಮೇಲೆ ಎತ್ತಿಕೊಂಡು ಬಂದೆ. ಕ್ಷಮಿಸಿದ್ದೇನೆಯೇ ಎಂದು ಕೇಳಬೇಡ, ನನಗೂ ಗೊತ್ತಿಲ್ಲ. ನಿನ್ನ ಫೋನ್ ಬ್ಲಾಕ್ ತೆಗೆದಿದ್ದೇನೆ. ಹಾಗೆಂದು ಕೂಡಲೇ ಫೋನ್ ಮಾಡಬೇಡ.

ಅಮ್ಮಿಗೆ ನಾನು ಏನೂ ಹೇಳಿಲ್ಲ. ಕಂಪನಿಯ ಪತ್ರ ಇಂಗ್ಲಿಷಿನಲ್ಲಿದೆ, ಅವಳಿಗೆ ಓದಲು ಬರುವುದಿಲ್ಲ. ನಾನು ಓದಿ ಹೇಳಿದರೆ ಮಗಳು ತನಗೆ ಬೇಕಾದಂತೆ ಹೇಳುತ್ತಿದ್ದಾಳೆ ಎಂದುಕೊಂಡು ತಲೆ ನೇವರಿಸುತ್ತಾಳೆ. ಹನ್ನೆರಡನೇ ತಾರೀಕು ಭಾನುವಾರ ಹನ್ನೊಂದು ಗಂಟೆಗೆ ಬಾ. ಅವಳ ಮುಂದೆ ಕೂತು ನೀನೇ ಹೇಳು, ಗುರುತು, ಸಾಲು, ಸೆಟ್ಟಿಂಗ್, ಅವಳಿಗೆ ಅರ್ಥವಾಗುವಂತೆ, ಎಷ್ಟು ಹೊತ್ತಾದರೂ ಸರಿ. ನಾನು ಅಡುಗೆಮನೆಯಲ್ಲಿರುತ್ತೇನೆ. ನೀನು ತಡವರಿಸಿದರೆ ಸಹಾಯಕ್ಕೆ ಬರುವುದಿಲ್ಲ.

ಮಾರ್ಚ್‌ನಿಂದ ಅವಳು ದಿನಕ್ಕೆ ಐದು ಸಲ ನಮಾಜ್ ಮುಗಿಸಿ, ಕೈ ಎತ್ತಿ, ಆ ನಲವತ್ತೊಂದು ಜನರಿಗಾಗಿ ಕ್ಷಮೆ ಕೇಳುತ್ತಿದ್ದಾಳೆ, ನನ್ನ ಹೆಸರು ಹೇಳಿ. ಬಂದು ಅವಳಿಗೆ ನಿನ್ನ ಹೆಸರು ಕೊಡು.

ನೌರೀನ್